ಹನ್ನೊಂದು ನಿಮಿಷ

ಹದಿನಾಲ್ಕನೆ ನಂಬರಿನ ಬಸ್ಸು ಇಲ್ಲಿಗೆ ಬಂದು ಮುಗಿಯುತ್ತದೆ.
ಮುಂದೆ ರಸ್ತೆಯಿಲ್ಲ. ಒಂದು ಮರದ ಗೇಟು, ಅದರ ಮೇಲೆ
ಕೌಂಟಿಯವರ ಹಲಗೆ: ನಾಯಿ ಹಗ್ಗದಲ್ಲಿರಲಿ, ಬೆಂಕಿ ಬೇಡ.
ಇಂಜಿನ್ ಆರಿಸಿದರೆ ನನಗೆ ಸಿಗುವುದು ಹನ್ನೊಂದು ನಿಮಿಷ.

ಮೊದಲ ವರ್ಷ ಅದನ್ನು ಸೀಟಿನಲ್ಲೇ ಕೂತು
ಸ್ಯಾಂಡ್‌ವಿಚ್ಚಿಗೂ ಫೋನಿಗೂ ಹಂಚಿ ಕಳೆದೆ.
ಗಾಜಿನಾಚೆ ಕಾಡಿದೆಯೆಂದು ಗೊತ್ತಿತ್ತು,
ಡಿಪೋಗೆ ಗೋಡೆಯಿದೆಯೆಂದು ಗೊತ್ತಿರುವ ಹಾಗೆ.
ಆಮೇಲೊಂದು ಫೆಬ್ರವರಿ, ಉಚ್ಚೆಗೆಂದು ಗೇಟು ದಾಟಿದವನು
(ಕೌನ್ಸಿಲ್ಲು ಶೌಚಾಲಯ ಮುಚ್ಚಿ ಆಗಲೇ ಮೂರು ಚಳಿಗಾಲ)
ನಾಲ್ಕು ನಿಮಿಷ ತಡವಾಗಿ ಹೊರಟೆ.

ಹೀಗಾಗಿ ಈ ಕಾಡನ್ನು ಬಲ್ಲೆ, ಐದೂವರೆ ನಿಮಿಷದಷ್ಟು ಆಳಕ್ಕೆ.
ಅದರಾಚೆ ಏನಿದೆಯೋ ಕಾಣೆ; ಟೈಮ್‌ಟೇಬಲ್ಲು ಕರೆಯುತ್ತದೆ.
ಮೊದಲಿಗೆ ಕಂದಕ, ಯಾವ ದೊರೆಯ ಕಾಲದಲ್ಲೋ
ದನ ನುಗ್ಗದಿರಲೆಂದು ಯಾರೋ ತೋಡಿದ್ದು.
ಆಮೇಲೆ ಹಾರ್ನ್‌ಬೀಮ್ ಮರಗಳು, ಬುಡದಲ್ಲೇ ಕವಲೊಡೆದು,
ಮಗುಚಿಟ್ಟ ಕೆಚ್ಚಲಿನ ಹಾಗೆ.
ಕೆಸರು. ಬೂಟು ಕಂಪನಿಯದು, ಬೈಗುಳ ನನ್ನದು.
ಅಷ್ಟರಲ್ಲಿ ರಿಂಗ್ ರೋಡಿನ ಸದ್ದು ಸಣ್ಣಗಾಗಿ
ಜೇನೋ ಲಾರಿಯೋ ತಿಳಿಯದಾಗುತ್ತದೆ.

ಅಲ್ಲಿ ಥರ್ಜಾ ಪೆಲಿಂಗ್. ಎಂಬತ್ತು ದಾಟಿದವಳು,
ಶಾಲೆಯ ಅಡುಗೆಮನೆಯಿಂದ ನಿವೃತ್ತಿ, ಮಗನ ಹಳೆಯ ಜಾಕೆಟ್ಟು,
ಗರಗಸ ಹಿಡಿದು ಹೇಝಲ್ ಗಿಡ ಬುಡಮಟ್ಟ ಕಡಿಯುತ್ತಿದ್ದಳು.
ರಕ್ಷಿತಾರಣ್ಯ ಅನ್ನುತ್ತೀರಿ, ಕಡಿಯುತ್ತೀರಿ, ಅಂದೆ.
ತಲೆಯೆತ್ತಲಿಲ್ಲ. "ಎಂಟುನೂರು ವರ್ಷ ಕಡಿಸಿಕೊಂಡೇ ಬದುಕಿದೆ.
ನಿನ್ನ ಗಡ್ಡವನ್ನು ಕೇಳು."

ನಮ್ಮ ಮಾತೆಲ್ಲ ಅಷ್ಟಷ್ಟೇ, ಅರ್ಧ ನಿಮಿಷದ ತುಂಡುಗಳು.
ಸೋಮವಾರ ಎತ್ತಿದ್ದು ಗುರುವಾರಕ್ಕೆ ಮುಗಿಯುತ್ತಿತ್ತು.
ಒಂದು ಏಪ್ರಿಲ್, ಎಲೆ ಮೂಡದ ಮರಗಳ ಕೆಳಗೆ
ನೆಲವೇ ಹಾಲುಕ್ಕಿದಂತೆ ಬೆಳ್ಳಗಿತ್ತು. ಅನೆಮೊನಿ, ಅಂದಳು.
ಬೀಜವನ್ನು ನೆಚ್ಚದ ಹೂವು. ಬೇರಿನಲ್ಲೇ ತೆವಳುತ್ತದೆ,
ನೂರು ವರ್ಷಕ್ಕೆ ಆರಡಿ.

ಆ ಸಂಜೆ ಸಿಗ್ನಲ್ಲುಗಳಲ್ಲಿ ಲೆಕ್ಕ ಹಾಕಿದೆ.
ಒಂದು ಶತಮಾನಕ್ಕೆ ಅದು ಬಸ್ಸಿನ ಬಾಗಿಲಿಂದ
ಮೊದಲ ಸೀಟಿನವರೆಗೆ ಬಂದೀತು.
ಟೌನ್ ಹಾಲಿಗೆ ಏಳು ಮೈಲಿ: ಆರು ಲಕ್ಷ ವರ್ಷ, ಚಿಲ್ಲರೆ ಬೇರೆ.
ನನಗೆ ಮೂವತ್ತನಾಲ್ಕು ನಿಮಿಷ;
ಶನಿವಾರ, ಫುಟ್‌ಬಾಲ್ ಇದ್ದರೆ, ಐವತ್ತು.

ಮರುವರ್ಷ ಥರ್ಜಾಳ ಸೊಂಟಕ್ಕೆ ಶಸ್ತ್ರಚಿಕಿತ್ಸೆ.
ನನ್ನ ಬಸ್ಸಿನಲ್ಲೇ ಬರುತ್ತಾಳೆ, ಗೇಟು ದಾಟಲಾರಳು,
ಸ್ಟಾಪಿನ ಬೆಂಚಿನಲ್ಲಿ ಕೂತು ಕಾಡಿನ ಕಡೆ ಕಿವಿಯಿಟ್ಟು
ಮುಂದಿನ ಬಸ್ಸಿನಲ್ಲಿ ಹಿಂತಿರುಗುತ್ತಾಳೆ.
ಅವಳಿಗೆ ತೋರಿಸಿದೆ, ಕಂಡುಹಿಡಿದವನ ಜಂಬದಲ್ಲಿ:
ತಂಗುದಾಣದ ಬಗಲಲ್ಲಿ, ಕಸದ ಡಬ್ಬಿಗೂ ಗೇಟಿಗೂ ನಡುವೆ,
ಚಿಪ್ಸಿನ ಪೊಟ್ಟಣ ಒದ್ದು ಸರಿಸಿದರೆ, ಐದು ಬಿಳಿ ಹೂವು.
ನೋಡು, ಕಾಡು ನಮ್ಮವರೆಗೆ ನಡೆದು ಬಂತು!

ಬಹಳ ಹೊತ್ತು ನೋಡಿದಳು. ಕೋಲಿನಿಂದ ಟಾರು ತಟ್ಟಿದಳು.
"ಬಂದದ್ದಲ್ಲ ಕಣೋ. ಹೋಗದೆ ಉಳಿದದ್ದು.
ಬಂದವರು ನಾವು."

ಅವತ್ತಿನಿಂದ ದಾರಿ ಹೇಗೋ ಆಗಿದೆ ನನಗೆ.
ಹೇಝಲ್ ಕ್ಲೋಸ್, ಓಕ್ ಅವೆನ್ಯೂ, ಬೀಚ್ ಟೆರೇಸ್,
ಮನೆ ಮಾರಲು ಬಿಲ್ಡರ್ ಇಟ್ಟ ಹೆಸರುಗಳೆಂದುಕೊಂಡಿದ್ದೆ.
ಈಗ ಒಂದೊಂದು ಸ್ಟಾಪು ಕೂಗಿ ಹೇಳುವಾಗಲೂ
ದನಿ ತಾನಾಗಿ ತಗ್ಗುತ್ತದೆ.
ಕಾರ್ಪೆಟ್ ಗೋಡೌನಿನ ತಿರುವಿನಲ್ಲಿ ಯಾವಾಗಲೂ ನೀರು ನಿಲ್ಲುತ್ತದಲ್ಲ,
ಎಷ್ಟು ಸಲ ಟಾರು ಹಾಕಿದರೂ ಕುಸಿಯುತ್ತದಲ್ಲ,
ಅಲ್ಲಿ ಈಗ ನಿಧಾನ ಮಾಡುತ್ತೇನೆ.

ಹಿಂದೆ ಇಳಿದವರೆಲ್ಲ ಅಡ್ಡಹಾದಿ ಹಿಡಿದು
ಆ ಐದು ಹೂವಿನ ಮೇಲೆಯೇ ಗೇಟಿಗೆ ಹೋಗುತ್ತಿದ್ದರು.
ಈಗ ಬಾಗಿಲು ಪಾದಚಾರಿ ದಾರಿಗೆ ತೆರೆಯುತ್ತದೆ.

ಡಿಪೋಗೆ ದೂರು ಬಂದಿದೆ. ಕೊನೆಯ ಸ್ಟಾಪಿನಲ್ಲಿ
ಚಾಲಕ ಎಸ್. ಆಟ್ರಿಜ್ ಪ್ರತಿದಿನವೂ
ಆರಡಿ ಮೊದಲೇ ನಿಲ್ಲಿಸುತ್ತಾರೆ; ಮಳೆಯಲ್ಲೂ.
ಉತ್ತರಿಸಲು ಒಂದು ಹಳದಿ ಫಾರಂ ಕೊಟ್ಟಿದ್ದಾರೆ.
ಕಾರಣ, ಎಂದಿರುವಲ್ಲಿ
ಒಂದೇ ಸಾಲಿನ ಜಾಗ.